ಒಗೆಯುವ ಕಲ್ಲಿನಿಂದ ಒಗೆಯುವ ಯಂತ್ರಕ್ಕೆ

೧

ಅರಸರ ದಂಡಯಾತ್ರೆಗಳನ್ನೂ ದಾನಶಾಸನಗಳನ್ನೂ ಕುರಿತು ಬರೆದವರು ಅನೇಕರಿದ್ದಾರೆ. ಆ ಅರಸರು ಉಟ್ಟ ಬಟ್ಟೆಯನ್ನು ಯಾರು ಒಗೆದರು, ಯಾವುದರಿಂದ ಒಗೆದರು, ಒಗೆದುದಕ್ಕೆ ಪ್ರತಿಫಲವಾಗಿ ಏನನ್ನು ಪಡೆದರು ಎಂಬುದನ್ನು ಕುರಿತು ಬರೆದವರು ವಿರಳ. ನಿತ್ಯವೂ ನಡೆಯುವ ಕೆಲಸವು ಇತಿಹಾಸಕಾರನ ಕಣ್ಣಿಗೆ ಬೀಳದಿರುವುದು ಹೊಸ ಸಂಗತಿಯೇನೂ ಅಲ್ಲ. ಆದರೆ ಮನುಷ್ಯನು ನೂಲು ನೇಯಲು ಕಲಿತ ಕಾಲದಿಂದ ಇಂದಿನವರೆಗೆ ಎಡೆಬಿಡದೆ ನಡೆದುಬಂದಿರುವ ಕೆಲಸಗಳಲ್ಲಿ ಬಟ್ಟೆ ಒಗೆಯುವುದೂ ಒಂದು. ಅದರಲ್ಲಿ ಒಂದು ಶಾಸ್ತ್ರವೂ ಒಂದು ಸಮಾಜನೀತಿಯೂ ಅಡಗಿವೆ.

ಕನ್ನಡದಲ್ಲಿ 'ಮಡಿ' ಎಂಬ ಮಾತಿಗೆ ಒಗೆದ ಬಟ್ಟೆ ಎಂಬ ಅರ್ಥವೂ ಉಂಟು, ಶುಚಿತ್ವ ಎಂಬ ಅರ್ಥವೂ ಉಂಟು. ಮಡಿ ಮಾಡುವವನು ಮಡಿವಾಳ. ಊರಿಗೆಲ್ಲ ಮಡಿಯನ್ನು ಒದಗಿಸಿದವನನ್ನೇ ಊರು ತನ್ನ ಮಡಿಯ ಎಲ್ಲೆಯಿಂದ ಹೊರಗೆ ನಿಲ್ಲಿಸಿದ್ದು ಈ ಪದದ ಚರಿತ್ರೆಯಲ್ಲಿ ಕಾಣುವ ವೈಚಿತ್ರ್ಯ. ಈಗ ನಗರಗಳ ಮನೆಮನೆಯಲ್ಲಿಯೂ ಮಡಿವಾಳನ ಸ್ಥಾನದಲ್ಲಿ ಒಂದು ವಿದ್ಯುದ್ಯಂತ್ರವು ಬಂದು ನಿಂತಿದೆ. ಯಂತ್ರದೊಡನೆ ಅದನ್ನು ಬಳಸುವ ಕ್ರಮವನ್ನು ತಿಳಿಸುವ ಒಂದು ಸಣ್ಣ ಪುಸ್ತಿಕೆಯೂ ಬರುತ್ತದೆ. ಬಹುತೇಕ ಮನೆಗಳಲ್ಲಿ ಆ ಪುಸ್ತಿಕೆಯನ್ನು ಯಾರೂ ಓದುವುದಿಲ್ಲ. ಓದಿದವರಾದರೂ ಅದರಲ್ಲಿರುವುದು ನಿನ್ನೆ ಮೊನ್ನೆ ಹುಟ್ಟಿದ ನಿಯಮಗಳೆಂದೇ ಭಾವಿಸುತ್ತಾರೆ. ಆ ನಿಯಮಗಳ ಹಿಂದೆ ಎರಡು ಸಹಸ್ರ ವರ್ಷಗಳ ಅನುಭವವಿದೆಯೆಂಬುದನ್ನೂ, ಯಂತ್ರವು ಶ್ರಮವನ್ನು ತೆಗೆದುಕೊಂಡಿತೇ ಹೊರತು ತಿಳಿವಳಿಕೆಯ ಅಗತ್ಯವನ್ನು ತೆಗೆದುಹಾಕಲಿಲ್ಲವೆಂಬುದನ್ನೂ ತೋರಿಸುವುದು ಈ ಲೇಖನದ ಉದ್ದೇಶ.

೨

ಕೌಟಿಲ್ಯನ ಅರ್ಥಶಾಸ್ತ್ರದ ನಾಲ್ಕನೆಯ ಅಧಿಕರಣದ ಆರಂಭದಲ್ಲಿಯೇ ರಜಕರನ್ನು ಕುರಿತ ಕಟ್ಟಳೆಗಳಿವೆ. ಅವರು ಮರದ ಹಲಗೆಯ ಮೇಲೆ ಅಥವಾ ನುಣುಪಾದ ಕಲ್ಲಿನ ಮೇಲೆ ಮಾತ್ರ ಬಟ್ಟೆಯನ್ನು ಒಗೆಯಬೇಕು. ಬೇರೆಡೆಯಲ್ಲಿ ಒಗೆದು ಬಟ್ಟೆ ಹಾಳಾದರೆ ನಷ್ಟವನ್ನೂ ತುಂಬಿ, ಆರು ಪಣ ದಂಡವನ್ನೂ ತೆರಬೇಕು. ಬೇರೆಯವರ ಬಟ್ಟೆಯನ್ನು ಮಾರಿದರೆ, ಬಾಡಿಗೆಗೆ ಕೊಟ್ಟರೆ ಅಥವಾ ಒತ್ತೆಯಿಟ್ಟರೆ ಹನ್ನೆರಡು ಪಣ ದಂಡ. ಒಗೆದು ಹಿಂದಿರುಗಿಸುವ ಅವಧಿಯನ್ನೂ ಶಾಸ್ತ್ರಕಾರನು ಗೊತ್ತುಪಡಿಸಿದ್ದಾನೆ. ಬಟ್ಟೆ ಎಷ್ಟು ಬೆಳ್ಳಗಾಗಬೇಕೆಂಬುದನ್ನು ಅನುಸರಿಸಿ ಒಂದೊಂದು ರಾತ್ರಿ ಹೆಚ್ಚುತ್ತ ಹೋಗುತ್ತದೆ. ತೆಳುವಾದ ಬಣ್ಣದ ಬಟ್ಟೆಗೆ ಐದು ರಾತ್ರಿ, ನೀಲಿಗೆ ಆರು ರಾತ್ರಿ. ಕಾಲ, ಬಣ್ಣ, ಬಟ್ಟೆಯ ಜಾತಿ ಇವುಗಳಿಗೆ ತಕ್ಕಂತೆ ಒಗೆತದ ವಿಧಾನವು ಬೇರೆಯಾಗಬೇಕೆಂಬ ವಿವೇಕವು ಇಲ್ಲಿ ಸ್ಪಷ್ಟವಾಗಿದೆ. ಇಂದಿನ ಯಂತ್ರದ ಮುಖದ ಮೇಲೆ ತಿರುಗಿಸುವ ಗುಂಡಿಯ ಸುತ್ತಲೂ ಬರೆದಿರುವ 'ಹತ್ತಿ', 'ಕೃತಕ ನೂಲು', 'ಉಣ್ಣೆ', 'ನಾಜೂಕು' ಮೊದಲಾದ ವಿಭಾಗಗಳು ಇದೇ ವಿವೇಕದ ಹೊಸ ರೂಪವೆನ್ನಬಹುದು.

ಮನುಸ್ಮೃತಿಯು ಬೂರುಗದ ನುಣುಪಾದ ಹಲಗೆಯ ಮೇಲೆ ಮೆಲ್ಲಮೆಲ್ಲನೆ ಒಗೆಯಬೇಕೆಂದೂ, ಒಬ್ಬರ ಬಟ್ಟೆಯನ್ನು ಇನ್ನೊಬ್ಬರದರೊಡನೆ ಬದಲಾಯಿಸಕೂಡದೆಂದೂ ವಿಧಿಸುತ್ತದೆ. ಅದೇ ಗ್ರಂಥದ ಐದನೆಯ ಅಧ್ಯಾಯದಲ್ಲಿ ಯಾವ ಬಟ್ಟೆಗೆ ಯಾವ ಶೋಧಕ ದ್ರವ್ಯ ಎಂಬ ಪಟ್ಟಿಯೂ ಉಂಟು: ರೇಷ್ಮೆಗೂ ಉಣ್ಣೆಗೂ ಚೌಳುಮಣ್ಣು, ಕಂಬಳಿಗೆ ಅಂಟುವಾಳ, ನಯವಾದ ಪಟ್ಟೆಗೆ ಬಿಲ್ವದ ಕಾಯಿ, ನಾರುಮಡಿಗೆ ಬಿಳಿಯ ಸಾಸಿವೆ. ಇಂದಿನ ರಸಾಯನಶಾಸ್ತ್ರವು ಈ ಜೋಡಿಗಳನ್ನೆಲ್ಲ ಒಪ್ಪಲಾರದು. ಆದರೆ ಎಲ್ಲ ಬಟ್ಟೆಗೂ ಒಂದೇ ಪುಡಿಯನ್ನು ಸುರಿಯಬಾರದೆಂಬ ಮೂಲತತ್ತ್ವವನ್ನು ಅದು ಪೂರ್ಣವಾಗಿ ಎತ್ತಿಹಿಡಿಯುತ್ತದೆ.

೩

ಕನ್ನಡ ನಾಡಿನ ಹಳ್ಳಿಯ ವ್ಯವಸ್ಥೆಯಲ್ಲಿ ಅಗಸನು ಆಯಗಾರರಲ್ಲಿ ಒಬ್ಬನು. ಅವನಿಗೆ ನಗದು ಕೂಲಿಯಿರಲಿಲ್ಲ. ಸುಗ್ಗಿಯಲ್ಲಿ ಕಣದಿಂದ ಧಾನ್ಯದ ಪಾಲು ಬರುತ್ತಿತ್ತು. ವರ್ಷವೆಲ್ಲ ಮಾಡಿದ ಸೇವೆಗೆ ವರ್ಷಾಂತ್ಯದಲ್ಲಿ ಒಮ್ಮೆ ಲೆಕ್ಕ. ಲೆಕ್ಕಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ, ಅಗಸನು ವರ್ಷವಿಡೀ ಊರಿಗೆ ಸಾಲ ಕೊಟ್ಟವನು. ಆ ಸಾಲಕ್ಕೆ ಬಡ್ಡಿಯೂ ಇಲ್ಲ, ಬರಗಾಲ ಬಂದರೆ ಅಸಲೂ ಇಲ್ಲ.

ಅವನ ವಿದ್ಯೆಯನ್ನು ಸ್ವಲ್ಪ ವಿವರವಾಗಿ ನೋಡುವುದು ಅಗತ್ಯ. ಕೆರೆಯ ಅಂಗಳದಲ್ಲಿ ಬೇಸಗೆಯಲ್ಲಿ ಬೆಳ್ಳಗೆ ಉಬ್ಬುವ ಚೌಳುಮಣ್ಣನ್ನು ಅವನು ಸಂಗ್ರಹಿಸುತ್ತಿದ್ದನು. ಅದರಲ್ಲಿ ಸೋಡಿಯಮ್ಮಿನ ಕಾರ್ಬೊನೇಟ್, ಎಂದರೆ ಇಂದಿನ ಒಗೆಯುವ ಸೋಡಾ, ಪ್ರಧಾನವಾದ ಅಂಶ. ಚೌಳಿನ ನೀರಿನಲ್ಲಿ ಅದ್ದಿದ ಬಟ್ಟೆಗಳನ್ನು ಹಂಡೆಯ ಮೇಲೆ ಗೋಪುರದಂತೆ ಪೇರಿಸಿ, ಕೆಳಗೆ ಬೆಂಕಿಯಿಟ್ಟು, ರಾತ್ರಿಯೆಲ್ಲ ಹಬೆಯಲ್ಲಿ ಬೇಯಿಸುತ್ತಿದ್ದನು. ಇದಕ್ಕೆ 'ಉಬ್ಬೆ' ಎಂದು ಹೆಸರು. ಮೈಯ ಜಿಡ್ಡು ಬಿಸಿಯಲ್ಲಿ ಕ್ಷಾರದೊಡನೆ ಸೇರಿದಾಗ ಅದರ ಒಂದು ಭಾಗವು ತಾನೇ ಸಾಬೂನಾಗಿ ಪರಿಣಮಿಸುತ್ತದೆ. ಕೊಳೆಯಿಂದಲೇ ಕೊಳೆಯನ್ನು ತೆಗೆಯುವ ಸಾಧನವನ್ನು ಪಡೆಯುವ ಈ ಕ್ರಿಯೆಯ ಸೂತ್ರವು ಅಗಸನಿಗೆ ತಿಳಿದಿರಲಿಲ್ಲ, ಫಲವು ತಿಳಿದಿತ್ತು. ಬೆಳಗ್ಗೆ ಉಬ್ಬೆಯನ್ನು ಇಳಿಸಿ ಹಾಸುಗಲ್ಲಿನ ಮೇಲೆ ಸೆಣೆದು, ಹರಿಯುವ ನೀರಿನಲ್ಲಿ ಜಾಲಿಸಿ, ಬಿಸಿಲಿಗೆ ಹರಡುತ್ತಿದ್ದನು. ಬಿಳಿಯ ಬಟ್ಟೆಗೆ ನೀಲಿ, ನಿಲ್ಲಬೇಕಾದ ಬಟ್ಟೆಗೆ ಗಂಜಿ. ಯಾರ ಬಟ್ಟೆ ಯಾವುದೆಂದು ತಿಳಿಯಲು ಕರಿಗೇರಿನ ಬೀಜದ ರಸದಿಂದ ಅಂಚಿನಲ್ಲಿ ಗುರುತು. ಆ ಕಪ್ಪು ಎಷ್ಟು ಒಗೆದರೂ ಹೋಗದು. ಅಕ್ಷರ ಬಾರದವನು ಊರಿನ ಎಲ್ಲ ಮನೆಗಳ ಲೆಕ್ಕವನ್ನು ಚುಕ್ಕೆ ಗೀಟುಗಳಲ್ಲಿ ಇಟ್ಟುಕೊಂಡಿದ್ದನು.

ಇಂಥವನಿಗೆ ಸಾಹಿತ್ಯದಲ್ಲಿ ದೊರೆತ ಸ್ಥಾನವು ಶೋಚನೀಯ. ಭಾಗವತದಲ್ಲಿ ಕಂಸನ ರಜಕನು ಗರ್ವಿಷ್ಠನಾಗಿ ಕೃಷ್ಣನ ಕೈಯಲ್ಲಿ ಹತನಾಗುತ್ತಾನೆ. ಸೀತಾಪರಿತ್ಯಾಗದ ಪ್ರಸಂಗದಲ್ಲಿ ವಾಲ್ಮೀಕಿಯು ಹೇಳಿರುವುದು ಪುರಜನರ ಅಪವಾದವನ್ನು ಮಾತ್ರ. ಆ ಅಪವಾದವನ್ನು ಒಬ್ಬ ಅಗಸನ ನಾಲಿಗೆಗೆ ಅಂಟಿಸಿದ್ದು ತರುವಾಯದ ಕಥೆಗಾರರು. ಇದಕ್ಕೆ ಉಜ್ಜ್ವಲವಾದ ಅಪವಾದವೆಂದರೆ ಹನ್ನೆರಡನೆಯ ಶತಮಾನದ ಕಲ್ಯಾಣ. ದೇವರಹಿಪ್ಪರಗಿಯಿಂದ ಬಂದ ಮಡಿವಾಳ ಮಾಚಯ್ಯನು ಶರಣರ ಬಟ್ಟೆಗಳನ್ನು ಒಗೆಯುವುದನ್ನೇ ಕಾಯಕವಾಗಿ ಇಟ್ಟುಕೊಂಡು, ವಚನಕಾರನಾಗಿ, ಶರಣಗಣದಲ್ಲಿ ಹಿರಿಯ ಗೌರವಕ್ಕೆ ಪಾತ್ರನಾದನು. ಒಗೆಯುವ ಕೆಲಸವನ್ನು ಕೀಳೆಂದು ಎಣಿಸದೆ ಅದಕ್ಕೊಂದು ತತ್ತ್ವಗೌರವವನ್ನು ತಂದುಕೊಟ್ಟ ಅಂಥ ಉದಾಹರಣೆ ಭಾರತದ ಇತಿಹಾಸದಲ್ಲಿ ಅಪೂರ್ವವೆಂದೇ ಹೇಳಬೇಕು. ಆದರೆ ಆ ಗೌರವವು ಇಡೀ ಸಮುದಾಯಕ್ಕೆ ವ್ಯಾಪಿಸಲಿಲ್ಲ. ಇಂದಿಗೂ ಒಂದೇ ವೃತ್ತಿಯ ಈ ಸಮುದಾಯವು ಉತ್ತರಪ್ರದೇಶ, ಬಿಹಾರ, ಪಶ್ಚಿಮ ಬಂಗಾಳಗಳಲ್ಲಿ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿಯೂ, ಕರ್ನಾಟಕ ಮಹಾರಾಷ್ಟ್ರಗಳಲ್ಲಿ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿಯೂ ಎಣಿಕೆಯಾಗುತ್ತಿದೆ.

೪

ಯೂರೋಪಿನಲ್ಲಿ ಈ ಶ್ರಮವನ್ನು ಯಂತ್ರಕ್ಕೆ ಒಪ್ಪಿಸುವ ಯೋಚನೆ ಹದಿನೆಂಟನೆಯ ಶತಮಾನದಲ್ಲಿ ರೂಪುಗೊಂಡಿತು. ಜರ್ಮನಿಯ ರೆಗೆನ್ಸ್‌ಬುರ್ಗ್ ನಗರದ ಪಾದ್ರಿಯೂ ಪ್ರಕೃತಿವಿಜ್ಞಾನಿಯೂ ಆಗಿದ್ದ ಯಾಕೋಬ್ ಕ್ರಿಸ್ಟಿಯಾನ್ ಶೇಫರ್ ಎಂಬಾತನು ೧೭೬೭ರಲ್ಲಿ ತನ್ನ ಒಗೆಯುವ ಯಂತ್ರದ ವರ್ಣನೆಯನ್ನು ಪ್ರಕಟಿಸಿದನು. ನಾನಾ ಸಸ್ಯಗಳಿಂದ ಕಾಗದ ತಯಾರಿಸುವ ಪ್ರಯೋಗಗಳನ್ನು ನಡೆಸಿದವನೂ ಈತನೇ. ೧೭೮೨ರಲ್ಲಿ ಇಂಗ್ಲೆಂಡಿನ ಹೆನ್ರಿ ಸಿಡ್ಜರ್ ಎಂಬವನು ತಿರುಗುವ ಪೀಪಾಯಿಯ ಯಂತ್ರಕ್ಕೆ ಹಕ್ಕುಪತ್ರ ಪಡೆದನು. ಅಮೆರಿಕದಲ್ಲಿ ೧೭೯೭ರಲ್ಲಿ ನಥಾನಿಯಲ್ ಬ್ರಿಗ್ಸ್‌ನಿಗೆ ಇಂಥದೊಂದು ಹಕ್ಕುಪತ್ರ ದೊರೆಯಿತು. ೧೮೩೬ರಲ್ಲಿ ಅಲ್ಲಿಯ ಹಕ್ಕುಪತ್ರ ಕಚೇರಿಗೆ ಬೆಂಕಿ ಬಿದ್ದುದರಿಂದ ಆ ಯಂತ್ರದ ಸ್ವರೂಪವು ಉಳಿದುಬಂದಿಲ್ಲ. ೧೮೫೧ರಲ್ಲಿ ಜೇಮ್ಸ್ ಕಿಂಗ್ ಉರುಳೆಯ ಯಂತ್ರವನ್ನೂ, ೧೮೫೮ರಲ್ಲಿ ಹ್ಯಾಮಿಲ್ಟನ್ ಸ್ಮಿತ್ ಸುತ್ತುವ ಯಂತ್ರವನ್ನೂ ರಚಿಸಿದರು. ಇವೆಲ್ಲವೂ ಕೈಯಿಂದ ತಿರುಗಿಸಬೇಕಾದವು. ನೀರು ತರುವುದು, ಕಾಯಿಸುವುದು, ತುಂಬುವುದು, ಚೆಲ್ಲುವುದು, ಹಿಂಡುವುದು ಎಲ್ಲವೂ ಮೊದಲಿನಂತೆಯೇ ಉಳಿದವು. ಕಲ್ಲಿನ ಕೆಲಸವು ಹಿಡಿಕೆಯ ಕೆಲಸವಾಯಿತು, ಅಷ್ಟೆ.

ನಿಜವಾದ ಬದಲಾವಣೆ ವಿದ್ಯುತ್ತಿನಿಂದ ಬಂದಿತು. ಆಲ್ವಾ ಫಿಶರ್ ಎಂಬವನು ಮೊದಲ ವಿದ್ಯುದ್ಯಂತ್ರವನ್ನು ಕಂಡುಹಿಡಿದನೆಂದು ಅನೇಕ ಪುಸ್ತಕಗಳು ಹೇಳುತ್ತವೆ. ಅವನ ಹಕ್ಕುಪತ್ರದ ವರ್ಷ ೧೯೧೦. ಆದರೆ ೧೯೦೪ರ ವೇಳೆಗೇ ಅಮೆರಿಕದ ವೃತ್ತಪತ್ರಿಕೆಗಳಲ್ಲಿ ವಿದ್ಯುತ್ತಿನಿಂದ ಒಗೆಯುವ ಯಂತ್ರಗಳ ಜಾಹೀರಾತುಗಳು ಬಂದಿದ್ದುದರಿಂದ ಆ ಹೇಳಿಕೆ ನಿಲ್ಲುವುದಿಲ್ಲ. ಅಯೋವಾ ಸಂಸ್ಥಾನದ ಮೇಟ್ಯಾಗ್ ಸಂಸ್ಥೆಯು ೧೯೨೨ರಲ್ಲಿ, ತೊಟ್ಟಿಯ ತಳದಲ್ಲಿ ಅತ್ತಿತ್ತ ತಿರುಗಿ ನೀರನ್ನೇ ಬಟ್ಟೆಯ ಮೂಲಕ ನುಗ್ಗಿಸುವ ಕಡೆಗೋಲನ್ನು ಬಳಕೆಗೆ ತಂದಿತು. ೧೯೩೭ರಲ್ಲಿ ಬೆಂಡಿಕ್ಸ್ ಸಂಸ್ಥೆಯು ಮುಂಬಾಗಿಲಿನ ಸ್ವಯಂಚಾಲಿತ ಯಂತ್ರವನ್ನು ಮಾರಾಟಕ್ಕೆ ಇಟ್ಟಿತು. ನೀರು ತುಂಬುವುದರಿಂದ ಹಿಂಡುವವರೆಗಿನ ಕ್ರಿಯೆಗಳೆಲ್ಲ ಮನುಷ್ಯನ ಕೈ ಸೋಕದೆ ಒಂದರ ಹಿಂದೆ ಒಂದರಂತೆ ನಡೆದವು. ಆದರೆ ಹಿಂಡುವಾಗ ಉರುಳೆಯು ವೇಗವಾಗಿ ಸುತ್ತಿ ಇಡೀ ಯಂತ್ರವೇ ಕುಣಿಯುತ್ತಿದ್ದುದರಿಂದ ಅದನ್ನು ನೆಲಕ್ಕೆ ಬೋಲ್ಟುಗಳಿಂದ ಬಿಗಿಯಬೇಕಾಗಿತ್ತು.

ಇದರ ಆರ್ಥಿಕ ಪಕ್ಕವೂ ಗಮನಾರ್ಹ. ಅಮೆರಿಕದಲ್ಲಿ ಈ ಯಂತ್ರವನ್ನು ಸಾಮಾನ್ಯ ಸಂಸಾರಗಳಿಗೆ ತಲುಪಿಸಿದುದರಲ್ಲಿ ವಿಜ್ಞಾನದಷ್ಟೇ ಕಂತಿನ ಸಾಲವೂ ಕಾರಣ. ೧೯೨೮ರಲ್ಲಿ ಅಲ್ಲಿ ಸುಮಾರು ೯,೧೩,೦೦೦ ವಿದ್ಯುದ್ಯಂತ್ರಗಳು ಮಾರಾಟವಾದವು. ಆರ್ಥಿಕ ಕುಸಿತವು ಬಂದೆರಗಿದ ಮೇಲೆ ೧೯೩೨ರಲ್ಲಿ ಆ ಸಂಖ್ಯೆ ಸುಮಾರು ೬,೦೦,೦೦೦ಕ್ಕೆ ಇಳಿಯಿತು. ಇಳಿಯಿತೆನ್ನುವುದಕ್ಕಿಂತಲೂ, ಲಕ್ಷಾಂತರ ಜನರು ಕೆಲಸ ಕಳೆದುಕೊಂಡ ಆ ವರ್ಷದಲ್ಲಿಯೂ ಅಷ್ಟು ಯಂತ್ರಗಳಿಗೆ ಬೇಡಿಕೆಯಿತ್ತು ಎಂಬುದೇ ಹೆಚ್ಚು ಅರ್ಥವತ್ತಾದುದು. ಬಟ್ಟೆ ಒಗೆಯುವ ದಿನದ ದಣಿವನ್ನು ಕಂಡವರು ಅದರಿಂದ ಬಿಡುಗಡೆಯನ್ನು ವಿಲಾಸವೆಂದು ಎಣಿಸಲಿಲ್ಲ.

೫

ಯಂತ್ರದ ಜತೆಜತೆಗೆ ಶೋಧಕ ದ್ರವ್ಯದ ಚರಿತ್ರೆಯೂ ನಡೆಯಿತು. ೧೭೯೧ರಲ್ಲಿ ಫ್ರಾನ್ಸಿನ ಲೆಬ್ಲಾಂಕನು ಉಪ್ಪಿನಿಂದ ಸೋಡಾ ತಯಾರಿಸುವ ವಿಧಾನಕ್ಕೆ ಹಕ್ಕು ಪಡೆದನು. ೧೮೬೦ರ ದಶಕದಲ್ಲಿ ಬೆಲ್ಜಿಯಮ್ಮಿನ ಸಾಲ್ವೆಯು ಇನ್ನೂ ಅಗ್ಗದ ವಿಧಾನವನ್ನು ಆಚರಣೆಗೆ ತಂದನು. ೧೮೮೮ರಲ್ಲಿ ಲಿವರ್ ಸಂಸ್ಥೆಯ ಸನ್‌ಲೈಟ್ ಸಾಬೂನು ಕಲ್ಕತ್ತೆಯ ಬಂದರಿಗೆ ಬಂದಿಳಿಯಿತು. ೧೯೦೭ರಲ್ಲಿ ಜರ್ಮನಿಯ ಹೆಂಕೆಲ್ ಸಂಸ್ಥೆಯು ಪರ್ಬೊರೇಟ್ ಮತ್ತು ಸಿಲಿಕೇಟುಗಳನ್ನು ಸೇರಿಸಿದ ಪುಡಿಯನ್ನು ತಯಾರಿಸಿ, ಅವೆರಡರ ಮೊದಲಕ್ಷರಗಳಿಂದಲೇ 'ಪರ್ಸಿಲ್' ಎಂದು ಹೆಸರಿಟ್ಟಿತು. ೧೯೧೩ರಲ್ಲಿ ಓಟ್ಟೋ ರ್‍ಯೋಮ್ ಎಂಬ ವಿಜ್ಞಾನಿಯು ಪ್ರಾಣಿಯ ಮೇದೋಜೀರಕಾಂಗದ ಕಿಣ್ವವನ್ನು ಒಗೆತಕ್ಕೆ ಉಪಯೋಗಿಸಿದನು. ೧೯೪೬ರಲ್ಲಿ ಅಮೆರಿಕದಲ್ಲಿ 'ಟೈಡ್' ಎಂಬ ಸಂಶ್ಲೇಷಿತ ಪುಡಿ ಬಂದಿತು. ಭಾರತದಲ್ಲಿ ೧೯೫೯ರಲ್ಲಿ 'ಸರ್ಫ್' ಕಾಣಿಸಿಕೊಂಡಿತು. ೧೯೬೯ರಲ್ಲಿ ಅಹಮದಾಬಾದಿನ ಕರ್ಸನ್‌ಭಾಯಿ ಪಟೇಲರು ಆರಂಭಿಸಿದ 'ನಿರ್ಮಾ' ಪುಡಿಯು ತನ್ನ ಅಗ್ಗದ ಬೆಲೆಯಿಂದ ಸಣ್ಣ ಆದಾಯದ ಮನೆಗಳನ್ನೂ ಹೊಕ್ಕಿತು.

ಸಾಬೂನಿಗೂ ಈ ಪುಡಿಗಳಿಗೂ ಇರುವ ಭೇದವು ನೀರಿನ ಗುಣವನ್ನು ಅವಲಂಬಿಸಿದೆ. ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಹೆಚ್ಚಾಗಿರುವ ಗಡಸು ನೀರಿನಲ್ಲಿ ಸಾಬೂನು ನೊರೆಗಟ್ಟದೆ ಮೊಸರಿನಂತೆ ಒಡೆದು ಬಟ್ಟೆಗೆ ಅಂಟುತ್ತದೆ. ಸಂಶ್ಲೇಷಿತ ಪುಡಿಗಳು ಇದನ್ನು ಬಹುಮಟ್ಟಿಗೆ ತಾಳಿಕೊಳ್ಳುತ್ತವೆ. ಕೊಳವೆ ಬಾವಿಯ ನೀರನ್ನು ನೆಚ್ಚಿಕೊಂಡ ನಗರಗಳಲ್ಲಿ ಪುಡಿಯು ಸಾಬೂನನ್ನು ಹಿಂದಿಕ್ಕಿದುದಕ್ಕೆ ಇದೂ ಒಂದು ಕಾರಣ.

ಹೆಂಕೆಲ್ ಸಂಸ್ಥೆಯ ರಸಾಯನಶಾಸ್ತ್ರಜ್ಞ ಹೆರ್ಬರ್ಟ್ ಸಿನ್ನರ್ ೧೯೫೯ರಲ್ಲಿ ಒಗೆತದ ಸಿದ್ಧಾಂತವನ್ನು ಒಂದು ವೃತ್ತದ ರೂಪದಲ್ಲಿ ನಿರೂಪಿಸಿದನು. ರಾಸಾಯನಿಕ ಕ್ರಿಯೆ, ಉಷ್ಣತೆ, ಯಾಂತ್ರಿಕ ಬಲ, ಕಾಲ ಎಂಬ ನಾಲ್ಕು ಭಾಗಗಳು ಸೇರಿ ವೃತ್ತವು ಪೂರ್ಣವಾಗುತ್ತದೆ. ಒಂದನ್ನು ಕಡಿಮೆಮಾಡಿದರೆ ಉಳಿದವುಗಳಲ್ಲಿ ಒಂದನ್ನಾದರೂ ಹೆಚ್ಚಿಸಬೇಕು. ಚೌಳು, ಉಬ್ಬೆ, ಕಲ್ಲು, ರಾತ್ರಿ ಎಂಬ ಅಗಸನ ನಾಲ್ಕು ಸಾಧನಗಳು ಇವೇ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

೬

ಭಾರತದ ನಗರಗಳಲ್ಲಿ ಒಗೆತವು ಮೊದಲು ಸಾಮೂಹಿಕ ಉದ್ಯಮವಾಗಿ ಬೆಳೆಯಿತು. ಮದರಾಸಿನ ವಣ್ಣಾರಪೇಟೆಯು ಈಸ್ಟ್ ಇಂಡಿಯಾ ಕಂಪನಿಯ ಬಟ್ಟೆಗಳನ್ನು ಒಗೆದು ಬಿಳುಪುಮಾಡುತ್ತಿದ್ದವರ ಬಡಾವಣೆ. ಹೊರದೇಶಕ್ಕೆ ಹೋದ ಬಟ್ಟೆಯ ಬೆಲೆಯಲ್ಲಿ ನೇಕಾರನ ಕೈಯಂತೆಯೇ ಅಗಸನ ಕೈಯೂ ಸೇರಿತ್ತು. ಮುಂಬಯಿಯಲ್ಲಿ ಮಹಾಲಕ್ಷ್ಮಿ ರೈಲು ನಿಲ್ದಾಣದ ಪಕ್ಕದ ಧೋಬಿ ಘಾಟು ೧೮೯೦ರಲ್ಲಿ ನಿರ್ಮಾಣವಾಯಿತು. ವಿಹಾರ, ತುಳಸಿ ಸರೋವರಗಳಿಂದ ನಗರಕ್ಕೆ ನಲ್ಲಿಯ ನೀರು ಬಂದ ಮೇಲೆ, ಹೊಳೆಯ ದಂಡೆಯನ್ನೇ ಗಾರೆಯ ತೊಟ್ಟಿಗಳಾಗಿ ಕಟ್ಟಿದಂತೆ ಅದರ ರಚನೆ. ಪ್ರತಿಯೊಂದು ತೊಟ್ಟಿಗೂ ಒಂದು ಒಗೆಯುವ ಕಲ್ಲು. ೨೦೧೧ರಲ್ಲಿ ಒಂದೇ ಸ್ಥಳದಲ್ಲಿ ೪೯೬ ಮಂದಿ ಕೈಯಿಂದ ಬಟ್ಟೆ ಒಗೆದುದಕ್ಕಾಗಿ ಅದರ ಹೆಸರು ಗಿನ್ನೆಸ್ ದಾಖಲೆಯಲ್ಲಿ ಸೇರಿತು. ಈಗ ಅಲ್ಲಿಯೂ ದೊಡ್ಡ ದೊಡ್ಡ ಒಗೆಯುವ, ಒಣಗಿಸುವ ಯಂತ್ರಗಳು ಬಂದು ಕುಳಿತಿವೆ. ಬೆಂಗಳೂರಿನಲ್ಲಿ ಮಡಿವಾಳವೆಂಬ ಬಡಾವಣೆಯ ಹೆಸರಿನಲ್ಲಿ ಆ ಪದವು ಉಳಿದಿದೆ. ಆ ಹೆಸರನ್ನು ದಿನವೂ ಉಚ್ಚರಿಸುವವರಲ್ಲಿ ಅದರ ಅರ್ಥವನ್ನು ನೆನೆಯುವವರು ಕಡಿಮೆ.

ಮನೆಬಳಕೆಯ ಯಂತ್ರದ ವಿಷಯದಲ್ಲಿ ಭಾರತವು ಅಮೆರಿಕದ ಹಾದಿಗಿಂತ ಜಪಾನಿನ ಹಾದಿಗೆ ಹತ್ತಿರವಾಯಿತು. ೧೯೫೩ರಲ್ಲಿ ಜಪಾನಿನ ಸಾನ್ಯೊ ಸಂಸ್ಥೆಯು ತೊಟ್ಟಿಯ ಪಕ್ಕದಲ್ಲಿ ಸುತ್ತುವ ಚಕ್ರವುಳ್ಳ ಅಗ್ಗವಾದ ಯಂತ್ರವನ್ನು ೨೮,೫೦೦ ಯೆನ್ ಬೆಲೆಗೆ ತಂದಿತು. ಆ ದಶಕದ ಕೊನೆಗೆ ದೂರದರ್ಶನ, ಶೀತಕಪೆಟ್ಟಿಗೆ, ಒಗೆಯುವ ಯಂತ್ರ ಇವು ಮೂರನ್ನು ಜಪಾನೀಯರು ಮನೆಯ 'ಮೂರು ಪವಿತ್ರ ನಿಧಿಗಳು' ಎಂದು ಕರೆಯುವಂತಾಯಿತು. ಭಾರತದಲ್ಲಿ ೧೯೮೦ರ ದಶಕದ ಕೊನೆಯ ವರ್ಷಗಳಿಂದೀಚೆಗೆ ಇಲ್ಲಿಯೇ ತಯಾರಾದ ಯಂತ್ರಗಳು ಮಧ್ಯಮವರ್ಗದ ಮನೆಗಳಿಗೆ ಬರತೊಡಗಿದವು. ೧೯೯೧ರ ಆರ್ಥಿಕ ಸುಧಾರಣೆಯ ತರುವಾಯ ಅವುಗಳ ಸಂಖ್ಯೆಯೂ ಬಗೆಗಳೂ ಬೆಳೆದವು. ಒಗೆಯಲು ಒಂದು, ಹಿಂಡಲು ಒಂದು ಎಂಬ ಜೋಡಿ ತೊಟ್ಟಿಯ ಯಂತ್ರವು ಇಲ್ಲಿ ಬಹುಕಾಲ ಜನಪ್ರಿಯವಾಗಿರುವುದಕ್ಕೆ ನೀರೇ ಕಾರಣ. ಬೆಳಗ್ಗೆ ಒಂದು ಗಂಟೆ ಮಾತ್ರ ನಲ್ಲಿ ಬರುವ ಮನೆಯಲ್ಲಿ, ಕೊಡದಿಂದಲೂ ತುಂಬಬಹುದಾದ, ಮೊದಲ ಬಾರಿಯ ನೀರನ್ನು ಎರಡನೆಯ ಬಾರಿಗೂ ಬಳಸಬಹುದಾದ ಯಂತ್ರವೇ ಉಪಯುಕ್ತ.

೭

ಇನ್ನು ಬಳಕೆಯ ಕ್ರಮ. ಪುಸ್ತಿಕೆಯು ಕಾರಣವನ್ನು ಹೇಳದೆ ಆಜ್ಞಾಪಿಸುತ್ತದೆ. ಕಾರಣವು ತಿಳಿದರೆ ಆಜ್ಞೆಯು ತಾನಾಗಿ ನೆನಪಿನಲ್ಲಿ ಉಳಿಯುವುದು.

ಮೊದಲನೆಯದು ತುಂಬುವ ಪ್ರಮಾಣ. ಮುಂಬಾಗಿಲಿನ ಯಂತ್ರದಲ್ಲಿ ಉರುಳೆಯು ಬಟ್ಟೆಯನ್ನು ಮೇಲಕ್ಕೆ ಎತ್ತಿ ಕೆಳಕ್ಕೆ ಬೀಳಿಸುತ್ತದೆ. ಈ ಬೀಳುವಿಕೆಯೇ ಹಾಸುಗಲ್ಲಿನ ಸೆಣೆತ. ಉರುಳೆಯನ್ನು ಕುತ್ತಿಗೆಯವರೆಗೆ ತುರುಕಿದರೆ ಬಟ್ಟೆಗೆ ಬೀಳಲು ಎಡೆಯಿಲ್ಲ. ಕೇವಲ ಸುತ್ತುತ್ತದೆ, ಶುಚಿಯಾಗದು. ಸುಮಾರು ಮುಕ್ಕಾಲು ಭಾಗ ತುಂಬಿ, ಮೇಲೆ ಕೈಯಾಡಿಸುವಷ್ಟು ಸ್ಥಳವನ್ನು ಬಿಡಬೇಕು. ಒಂದೇ ಭಾರವಾದ ಹೊದಿಕೆಯನ್ನು ಹಾಕಿದರೆ ಅದು ಒಂದು ಪಕ್ಕಕ್ಕೆ ಕೂಡಿ ಹಿಂಡುವಾಗ ಯಂತ್ರವು ಅದುರುತ್ತದೆ. ಜತೆಗೆ ಎರಡು ಸಣ್ಣ ಬಟ್ಟೆಗಳನ್ನು ಸೇರಿಸಿದರೆ ಭಾರವು ಹಂಚಿಕೆಯಾಗುವುದು.

ಎರಡನೆಯದು ಪುಡಿಯ ಪ್ರಮಾಣ. ನೊರೆ ಹೆಚ್ಚಿದಷ್ಟೂ ಬಟ್ಟೆ ಬೆಳ್ಳಗಾಗುವುದೆಂಬ ನಂಬಿಕೆ ಸಾಬೂನಿನ ಕಾಲದಿಂದ ಬಂದುದು. ಯಂತ್ರದಲ್ಲಿ ನೊರೆಯು ಮೆತ್ತೆಯಂತೆ ನಿಂತು ಬೀಳುವ ಬಟ್ಟೆಯನ್ನು ತಡೆಯುತ್ತದೆ. ಆದುದರಿಂದ ಹೆಚ್ಚು ಪುಡಿ ಹಾಕಿದರೆ ಒಗೆತವು ಕಡಿಮೆಯಾಗುತ್ತದೆ; ಜಾಲಿಸಿದರೂ ಹೋಗದ ಶೇಷವು ಬಟ್ಟೆಯಲ್ಲಿಯೂ ತೊಟ್ಟಿಯ ಹಿಂಬದಿಯಲ್ಲಿಯೂ ಉಳಿದು, ನೂಲಿನ ಹೊಟ್ಟಿನೊಡನೆ ಸೇರಿ ಬೂಷ್ಟಿಗೂ ದುರ್ಗಂಧಕ್ಕೂ ಎಡೆಯಾಗುತ್ತದೆ. ಮುಂಬಾಗಿಲಿನ ಯಂತ್ರಕ್ಕೆ ಕಡಿಮೆ ನೊರೆಯ ಪುಡಿಯನ್ನೇ ಬಳಸಬೇಕೆಂಬ ಸೂಚನೆಗೆ ಇದೇ ಆಧಾರ.

ಮೂರನೆಯದು ವಿಂಗಡಣೆ. ಕಿಣ್ವವುಳ್ಳ ಪುಡಿಗಳು ರಕ್ತ, ಹಾಲು, ಬೆವರು ಮೊದಲಾದವುಗಳ ಪ್ರೋಟೀನನ್ನು ಕರಗಿಸುತ್ತವೆ. ರೇಷ್ಮೆಯೂ ಉಣ್ಣೆಯೂ ಪ್ರೋಟೀನುಗಳೇ ಆದುದರಿಂದ, ಕಲೆಯನ್ನು ತಿನ್ನುವ ಕಿಣ್ವವು ಬಟ್ಟೆಯನ್ನೂ ತಿನ್ನುವುದು ಸಹಜ. ಮೈಸೂರು ರೇಷ್ಮೆಗೂ ಜರಿಯ ಸೀರೆಗೂ ಯಂತ್ರವು ತಕ್ಕುದಲ್ಲ. ಬಣ್ಣ ಬಿಡುವ ಇಳಕಲ್ ಸೀರೆಯನ್ನು ಮೊದಮೊದಲು ಪ್ರತ್ಯೇಕವಾಗಿ ತಣ್ಣೀರಿನಲ್ಲಿ ಒಗೆಯಬೇಕು. ಹತ್ತಿಯ ಉದ್ದ ಸೀರೆ, ಪಂಚೆಗಳು ಹಗ್ಗದಂತೆ ಹೊಸೆದುಕೊಳ್ಳುವುದರಿಂದ ಅವುಗಳನ್ನು ಮಡಿಸಿ ಬಲೆಯ ಚೀಲದಲ್ಲಿಟ್ಟು ಹಾಕುವುದು ಲೇಸು. ಜೇಬುಗಳನ್ನು ಬರಿದುಮಾಡುವುದೂ ಇದರಲ್ಲಿಯೇ ಸೇರಿತು; ನಾಣ್ಯ, ಗುಂಡಿ, ಪಿನ್ನುಗಳು ನೀರು ಹೊರಹಾಕುವ ಪಂಪಿನ ಶೋಧಕಕ್ಕೆ ಸಿಕ್ಕಿಕೊಳ್ಳುತ್ತವೆ.

ನಾಲ್ಕನೆಯದು ನೀರು. ಕುಡಿಯುವ ನೀರಿನ ಭಾರತೀಯ ಮಾನಕವು ಲೀಟರಿಗೆ ೨೦೦ ಮಿಲಿಗ್ರಾಂ ಗಡಸುತನವನ್ನು ಸ್ವೀಕಾರಾರ್ಹವೆಂದೂ, ಬೇರೆ ಮೂಲವಿಲ್ಲದಾಗ ೬೦೦ರವರೆಗೆ ಅನುಮತಿಸಬಹುದೆಂದೂ ಹೇಳುತ್ತದೆ. ಮುಂಬಯಿಯ ಸರೋವರಗಳ ನೀರು ಮೃದುವಾದುದು. ಅಲ್ಲಿ ವರ್ಷಗಟ್ಟಲೆ ತೊಂದರೆ ಕೊಡದ ಯಂತ್ರವು, ವರ್ಗವಾದ ಸಂಸಾರದೊಡನೆ ಕೊಳವೆ ಬಾವಿಯ ನೀರಿನ ಊರಿಗೆ ಹೋದಾಗ ಬೇಗನೆ ಕೆಡುವುದುಂಟು. ಕಾಯಿಸುವ ಸುರುಳಿಯ ಮೇಲೆ ಸುಣ್ಣವು ಪದರಗಟ್ಟಿದರೆ ಶಾಖವು ನೀರಿಗೆ ಸರಿಯಾಗಿ ಸಾಗದೆ, ವಿದ್ಯುತ್ತು ಹೆಚ್ಚು ವ್ಯಯವಾಗಿ, ಕಡೆಗೆ ಸುರುಳಿಯೇ ಸುಟ್ಟುಹೋಗುತ್ತದೆ. ನಿಂಬೆಯ ಹುಳಿಯ ಸತ್ತ್ವವಾದ ಸಿಟ್ರಿಕ್ ಆಮ್ಲವು ಈ ಸುಣ್ಣವನ್ನು ಕರಗಿಸುತ್ತದೆ. ಕೆಲವು ತಿಂಗಳಿಗೊಮ್ಮೆ, ತಯಾರಕರು ಹೇಳಿದ ಪ್ರಮಾಣದಲ್ಲಿ ಅದನ್ನು ಹಾಕಿ, ಬಟ್ಟೆಯಿಲ್ಲದ ಯಂತ್ರವನ್ನು ಬಿಸಿನೀರಿನಲ್ಲಿ ಓಡಿಸಬೇಕು. ಆದರೆ ಆಮ್ಲವನ್ನೂ ಕ್ಲೋರಿನ್ನಿನ ಬಿಳುಪುದ್ರವವನ್ನೂ ಎಂದಿಗೂ ಕೂಡಿಸಬಾರದು. ಹಾಗೆ ಮಾಡಿದರೆ ವಿಷಾನಿಲವು ಹೊಮ್ಮುತ್ತದೆ.

ಐದನೆಯದು ಒಗೆತದ ಅನಂತರದ ಕರ್ತವ್ಯ. ಅಗಸನು ಕೆಲಸ ಮುಗಿದ ಮೇಲೆ ತನ್ನ ಕಲ್ಲನ್ನು ತೊಳೆದು ಬಿಸಿಲಿಗೆ ಬಿಡುತ್ತಿದ್ದನು. ಯಂತ್ರದ ಬಾಗಿಲನ್ನು ಒಡನೆಯೇ ಮುಚ್ಚಿಬಿಟ್ಟರೆ ಒಳಗಿನ ತೇವವು ಆರದು. ಬಾಗಿಲಿನ ರಬ್ಬರಿನ ಮಡಿಕೆಯನ್ನು ಒರೆಸಿ, ಪುಡಿಯ ಅರೆಯನ್ನು ಹೊರಗೆಳೆದು, ಬಾಗಿಲನ್ನು ಓರೆಯಾಗಿ ತೆರೆದಿಡಬೇಕು. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಅವರು ಒಳಹೊಗದಂತೆ ಎಚ್ಚರ ವಹಿಸಬೇಕು. ನೀರು ಒಳಬರುವ ಕೊಳವೆಯ ಬಾಯಲ್ಲಿರುವ ಜಾಲರಿಯಲ್ಲಿ ಮರಳು ತುಂಬಿದರೆ ನೀರು ಬರುವುದು ನಿಧಾನವಾಗುತ್ತದೆ. ಅದನ್ನು ಆಗಾಗ ತೊಳೆಯಬೇಕು. ಕೆಲಸವಿಲ್ಲದಾಗ ನಲ್ಲಿಯನ್ನು ತಿರುವಿ ಮುಚ್ಚುವುದರಿಂದ ಕೊಳವೆಯ ಮೇಲಿನ ಒತ್ತಡವು ತಪ್ಪುವುದು. ಯಂತ್ರವು ಮಟ್ಟಸವಾದ ನೆಲದ ಮೇಲಿರಬೇಕು. ಸಾಗಣೆಗಾಗಿ ಹಾಕಿದ ಬೋಲ್ಟುಗಳನ್ನು ಬಿಚ್ಚದೆ ಓಡಿಸಿದರೆ ೧೯೩೭ರ ಬೆಂಡಿಕ್ಸ್ ಯಂತ್ರದಂತೆಯೇ ಅದು ಕುಣಿಯುತ್ತದೆ. ಹಿಂದಿನವರು ಯಂತ್ರವನ್ನು ನೆಲಕ್ಕೆ ಬಿಗಿದರು. ಇಂದಿನವರು ಉರುಳೆಯನ್ನು ಸ್ಪ್ರಿಂಗುಗಳಿಂದ ತೂಗುಬಿಟ್ಟು ಭಾರದ ತುಂಡುಗಳಿಂದ ಸ್ಥಿರಗೊಳಿಸಿದ್ದಾರೆ. ನೀರೂ ವಿದ್ಯುತ್ತೂ ಒಂದೆಡೆ ಸೇರುವ ಸಾಧನವಾದುದರಿಂದ ಮೂರು ಮೊಳೆಯ ಪ್ಲಗ್ಗೂ ಸರಿಯಾದ ಭೂಸಂಪರ್ಕವೂ ಅನಿವಾರ್ಯ.

ಯಾವ ಆಸ್ತಿಗೂ ಸವಕಳಿಯುಂಟು. ಆದರೆ ಸವಕಳಿಯ ದರವನ್ನು ನಿರ್ಧರಿಸುವುದು ವರ್ಷಗಳಿಗಿಂತ ಹೆಚ್ಚಾಗಿ ಬಳಸುವವರ ಶಿಸ್ತು.

೮

ಯಂತ್ರವು ಯಾರ ಶ್ರಮವನ್ನು ಉಳಿಸಿತು ಎಂಬ ಪ್ರಶ್ನೆ ಕೊನೆಗೆ ಉಳಿಯುತ್ತದೆ. ಅಮೆರಿಕದ ಇತಿಹಾಸಜ್ಞೆ ರೂತ್ ಶ್ವಾರ್ಟ್ಸ್ ಕೋವನ್ ತಮ್ಮ ೧೯೮೩ರ ಗ್ರಂಥದಲ್ಲಿ ಒಂದು ಅನಿರೀಕ್ಷಿತ ನಿರ್ಣಯವನ್ನು ಮುಂದಿಟ್ಟರು. ಮನೆಗೆಲಸದ ಯಂತ್ರಗಳು ದೈಹಿಕ ಕಷ್ಟವನ್ನು ತಗ್ಗಿಸಿದರೂ ಗೃಹಿಣಿಯ ಕೆಲಸದ ಹೊತ್ತನ್ನು ಅಷ್ಟಾಗಿ ತಗ್ಗಿಸಲಿಲ್ಲ. ಶುಚಿತ್ವದ ಅಳತೆಯೇ ಏರಿತು. ಹೊರಗಿನ ಲಾಂಡ್ರಿಗೆ ಹೋಗುತ್ತಿದ್ದ ಬಟ್ಟೆಯು ಮತ್ತೆ ಮನೆಗೆ, ಎಂದರೆ ಅವಳ ಕೈಗೆ, ಹಿಂದಿರುಗಿತು ಎಂಬುದು ಅವರ ವಾದ. ಭಾರತದ ನಗರಗಳಲ್ಲಿಯೂ ಇದೇ ಬಗೆಯ ಸಂಗತಿ ನಡೆದಿರುವುದನ್ನು ಕಾಣಬಹುದು. ವಾರಕ್ಕೊಮ್ಮೆ ಗಂಟು ಹೊತ್ತು ಒಯ್ಯುತ್ತಿದ್ದ ಧೋಬಿಯು ಇಸ್ತ್ರಿಯ ಗಾಡಿಗೆ ಸೀಮಿತನಾದನು. ವಾರಕ್ಕೊಮ್ಮೆಯ ಒಗೆತವು ದಿನದಿನದ ಒಗೆತವಾಯಿತು. ೨೦೧೯ರಲ್ಲಿ ನಡೆದ ರಾಷ್ಟ್ರೀಯ ಕಾಲವಿನಿಯೋಗ ಸಮೀಕ್ಷೆಯ ಪ್ರಕಾರ, ಕೂಲಿಯಿಲ್ಲದ ಮನೆಗೆಲಸದಲ್ಲಿ ತೊಡಗುವ ಸ್ತ್ರೀಯರು ಅದಕ್ಕಾಗಿ ದಿನಕ್ಕೆ ಸರಾಸರಿ ೨೯೯ ನಿಮಿಷಗಳನ್ನೂ ಪುರುಷರು ೯೭ ನಿಮಿಷಗಳನ್ನೂ ವ್ಯಯಿಸುತ್ತಿದ್ದರು. ಅಂಥ ಕೆಲಸದಲ್ಲಿ ತೊಡಗುವವರ ಪ್ರಮಾಣವಾದರೋ ಸ್ತ್ರೀಯರಲ್ಲಿ ಶೇಕಡ ೮೧, ಪುರುಷರಲ್ಲಿ ಶೇಕಡ ೨೬ ಮಾತ್ರ. 'ಸ್ವಯಂಚಾಲಿತ' ಎಂದು ಹೆಸರು ಪಡೆದ ಯಂತ್ರಕ್ಕೂ ಬಟ್ಟೆಯನ್ನು ವಿಂಗಡಿಸಿ ಹಾಕುವ, ತೆಗೆದು ಒಣಗಿಸುವ, ಮಡಿಸಿ ಇಡುವ ಕೈ ಬೇಕು. ಗುಂಡಿಯನ್ನು ಒತ್ತುವುದಕ್ಕೆ ಮನೆಯ ಗಂಡಸಿನ ಬೆರಳೂ ಅಷ್ಟೇ ಸಮರ್ಥವೆಂಬುದನ್ನು ಯಂತ್ರವು ಸಿದ್ಧಪಡಿಸಿದೆ. ಆಚರಣೆಯು ಮಾತ್ರ ಅದನ್ನು ಇನ್ನೂ ಪೂರ್ಣವಾಗಿ ಒಪ್ಪಿಲ್ಲ.

ಇನ್ನೊಂದು ಲೆಕ್ಕವು ನೀರಿನದು. ಒಗೆದ ನೀರು ಚರಂಡಿಯಿಂದ ಎಲ್ಲಿಗೋ ಹೋಗಲೇಬೇಕು. ಬೇಗನೆ ಕೊಳೆಯದ ನೊರೆಪದಾರ್ಥಗಳಿಂದ ನದಿಗಳು ನೊರೆಗಟ್ಟಿದುದನ್ನು ಕಂಡು ಪಶ್ಚಿಮ ಜರ್ಮನಿಯು ೧೯೬೧ರಲ್ಲಿಯೇ ಶಾಸನವನ್ನು ಮಾಡಿತು. ಬೆಂಗಳೂರಿನ ಬೆಳ್ಳಂದೂರು, ವರ್ತೂರು ಕೆರೆಗಳಲ್ಲಿ ೨೦೧೫ರಲ್ಲಿ ನೊರೆಯು ರಸ್ತೆಗೆ ಹಾರಿತು. ಬೆಳ್ಳಂದೂರಿನಲ್ಲಿ ನೊರೆಗೆ ಬೆಂಕಿಯೂ ಹತ್ತಿತು. ಶುದ್ಧೀಕರಿಸದ ಕೊಳಚೆಯೂ ಅದರಲ್ಲಿ ಬೆರೆತ ಒಗೆಯುವ ಪುಡಿಗಳ ಅಂಶವೂ ಇದಕ್ಕೆ ಕಾರಣಗಳೆಂದು ವಿಜ್ಞಾನಿಗಳು ತೋರಿಸಿದರು. ಹಿಂದೆ ಕೆರೆಯ ಅಂಗಳದ ಚೌಳು ಬಟ್ಟೆಯನ್ನು ಶುಚಿಮಾಡಿತು. ಈಗ ಬಟ್ಟೆಯ ಶುಚಿತ್ವವು ಕೆರೆಯನ್ನು ಕೆಡಿಸುತ್ತಿದೆ. ಅರ್ಧ ಅಳತೆಯ ಪುಡಿ ಸಾಕಾಗುವ ಕಡೆ ಪೂರ್ಣ ಅಳತೆಯನ್ನು ಸುರಿಯದಿರುವುದು, ಆದುದರಿಂದ, ಯಂತ್ರದ ಆರೈಕೆ ಮಾತ್ರವಲ್ಲ, ಊರಿನ ಆರೈಕೆಯೂ ಹೌದು.

ಒಗೆಯುವ ಕೆಲಸವು ಒಂದು ಜಾತಿಯ ಹೆಗಲಿನಿಂದ ಇಳಿಯಿತೆಂಬುದು ಯಂತ್ರಯುಗದ ದೊಡ್ಡ ಲಾಭ. ಮಗನು ತಂದೆಯ ಕಲ್ಲಿನ ಬಳಿಯೇ ನಿಲ್ಲಬೇಕಾದ ನಿರ್ಬಂಧವು ಸಡಿಲವಾದುದನ್ನು ಯಾರೂ ವಿಷಾದಿಸಬೇಕಾಗಿಲ್ಲ. ಆದರೆ ಆ ಕಲ್ಲಿನ ಬಳಿ ಶತಮಾನಗಳಿಂದ ಸಂಚಿತವಾದ ವಿದ್ಯೆಗೆ ಯಾವ ಗ್ರಂಥವೂ ಇಲ್ಲ. ಚೌಳುಮಣ್ಣನ್ನು ಆರಿಸುವ ಬಗೆ, ಉಬ್ಬೆಯನ್ನು ಪೇರಿಸುವ ಕ್ರಮ, ಮನೆಮನೆಯ ಗುರುತುಗಳ ಅರ್ಥ ಇವುಗಳನ್ನು ಬಲ್ಲ ವೃದ್ಧರು ಇನ್ನೂ ಕೆಲವರು ಇರುವಾಗಲೇ ಅವರ ಬಾಯಿಂದ ಕೇಳಿ ಬರೆದಿಡುವುದು ಕನ್ನಡ ಸಂಘಸಂಸ್ಥೆಗಳ ಕರ್ತವ್ಯಗಳಲ್ಲಿ ಒಂದಾಗಬೇಕು. ಮನೆಮನೆಯ ಯಂತ್ರವು ನಡೆಯುತ್ತಿರುವುದು ಆ ವಿದ್ಯೆಯ ಮೂಲಧನದ ಮೇಲೆಯೇ ಎಂಬಷ್ಟನ್ನು ಹೇಳಿ ಈ ವಿವೇಚನೆಯನ್ನು ಮುಗಿಸಬಹುದು.